ಸರಾಸರಿ ಮರೆಮಾಚಿದ ಮೆಣಸಿನಕಾಯಿ ದರ

ಧಾರವಾಡದಲ್ಲಿ ಎಂಬಿಎ ಓದುತ್ತ ದತ್ತಾಂಶ ವಿಶ್ಲೇಷಣೆ ಕಲಿಯತೊಡಗಿದಾಗ, ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಖರೀದಿಸುವ ನಮ್ಮ ಕಾಕಾ ಬರೆದಿಟ್ಟಿದ್ದ ಲೆಕ್ಕದ ಪುಸ್ತಕವನ್ನೇ ಎಕ್ಸೆಲ್‌ಗೆ ಏರಿಸಿದೆ. ಒಂದು ದಿನದ ಐದು ಲಾಟುಗಳ ದರ ಕ್ವಿಂಟಲ್‌ಗೆ 18, 19, 20, 21 ಮತ್ತು 52 ಸಾವಿರ ರೂಪಾಯಿ ಇತ್ತು. ಸರಾಸರಿ 26 ಸಾವಿರ ಬಂದಿತಾದರೂ ಆ ದರಕ್ಕೆ ಅಂದು ಒಂದು ಚೀಲವೂ ಮಾರಾಟವಾಗಿರಲಿಲ್ಲ. ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ನಿಲ್ಲುವ ಮಧ್ಯಾಂಕ, ಅಂದರೆ 20 ಸಾವಿರವೇ, ವಾಸ್ತವಕ್ಕೆ ಹತ್ತಿರವಾಗಿತ್ತು. 52 ಸಾವಿರವನ್ನು ತಪ್ಪು ನಮೂದೆಂದು ಭಾವಿಸಿ ಅಳಿಸಲು ಹೊರಟಿದ್ದೆ. ‘ಅದು ಡಬ್ಬಿ, ಉಳಿದದ್ದೆಲ್ಲ ಕಡ್ಡಿ, ತಗೀಬ್ಯಾಡ’ ಎಂದು ಕಾಕಾ ತಡೆದರು. ಡಬ್ಬಿ, ಕಡ್ಡಿ ಎಂಬುವು ಮೆಣಸಿನಕಾಯಿಯ ಎರಡು ಬೇರೆ ತಳಿಗಳು. ತಳಿಯ ಕಾಲಂ ಸೇರಿಸಿ ಎರಡನ್ನೂ ಬೇರ್ಪಡಿಸಿದ ಮೇಲೆಯೇ, ಯಾವುದನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡಬೇಕು, ಯಾವುದನ್ನು ಕೂಡಲೇ ಮಾರಬೇಕು ಎಂಬುದನ್ನು ನಾವಿಬ್ಬರೂ ಕುಳಿತು ಚರ್ಚಿಸಲು ಸಾಧ್ಯವಾಯಿತು.