ಹಿಂದೆ ಗುಂಯ್ ಅಂತ ಉಂಟಣ್ಣ

ಗೇರ್ ಆಯಿಲ್ ಜೇನಿನ ಹಾಗೆ ದಪ್ಪಗೆ ಇಳಿಯಬೇಕು. ಸೋಮವಾರ ನಮ್ಮ ಪಿಕಪ್‌ನ ಹಿಂದಿನ ಹೌಸಿಂಗ್‌ನಿಂದ, ಅಂದರೆ ಹಿಂಚಕ್ರಗಳ ನಡುವಿನ ಗೇರ್ ಪೆಟ್ಟಿಗೆಯಿಂದ, ಇಳಿದದ್ದು ಹಾಲು ಹಾಕಿದ ಚಾದಂಥ ನೀರು. ಮೇಸ್ತ್ರಿ ಬೆರಳಲ್ಲಿ ತೆಗೆದು ತೋರಿಸಿದರು. "ನೀರು ಹೋಗಿದೆ ಮಾರಾಯ್ರೆ. ಶಬ್ದ ಬರ್ತಿರ್ಲಿಲ್ವಾ?"

ನಮ್ಮ ಡ್ರೈವರ್ ಹುಡುಗ ತಲೆ ತಗ್ಗಿಸಿದ.

ಅವನು ಏಪ್ರಿಲ್‌ನಲ್ಲಿ, ಬಿಸು ಹಬ್ಬದ ವಾರವೇ ಹೇಳಿದ್ದ. "ಹಿಂದೆ ಗುಂಯ್ ಅಂತ ಉಂಟಣ್ಣ." ನಾನು ಫೋನಿನಲ್ಲಿದ್ದೆ. "ಲೋಡ್ ಇದ್ರೆ ಹಾಗೇ, ನೀನು ಹೋಗು" ಅಂದೆ. ಅವನು ಮತ್ತೆ ಹೇಳಲಿಲ್ಲ.

ಮಲ್ಪೆಯಿಂದ ಮೀನು ಸಾಗಿಸುವ ಗಾಡಿ. ಟ್ರಿಪ್ ಮುಗಿದ ಕೂಡಲೇ ತೊಳೆಸುವುದು ನಮ್ಮ ರೂಢಿ. ಅಲ್ಲೇ ತಪ್ಪಿದ್ದು. ಓಡಿ ಬಿಸಿಯಾದ ಹೌಸಿಂಗ್‌ಗೆ ತಣ್ಣೀರು ಬಿದ್ದರೆ ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಅದಕ್ಕೆಂದೇ ಮೇಲೆ ಬ್ರೀದರ್ ಅನ್ನುವ ಪುಟ್ಟ ಮೂಗು ಇರುತ್ತದೆ. ನಮ್ಮದು ಉಪ್ಪು, ಕೆಸರು ಮೆತ್ತಿ ಕಟ್ಟಿಹೋಗಿತ್ತು. ಮೂಗು ಕಟ್ಟಿದ ಮೇಲೆ ಸೀಲಿನ ಸಂದಿಯಿಂದ ನೀರೇ ಒಳಗೆ ಹೋಯಿತು. ಬೇರಿಂಗ್ ತಿಂದಿತು.

"ಹಿಂದೆ ಗುಂಯ್ ಅಂತ ಉಂಟಣ್ಣ." ಮೂರು ದಿನದಿಂದ ಇದೇ ಕಿವಿಯಲ್ಲಿದೆ.

ಗಾಡಿ ಎತ್ತಿದ್ದೇವಲ್ಲ ಅಂತ ಮೇಸ್ತ್ರಿ ಟಾರ್ಚ್ ಹಿಡಿದು ಚಾಸಿಯನ್ನೂ ನೋಡಿದರು. ಮೇಲೆ ಬಾಡಿ ಫಳಫಳ. ಅಡಿಯ ಅಡ್ಡಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದರೆ ತುಕ್ಕು ಹಪ್ಪಳದ ಹಾಗೆ ಉದುರಿತು. ಐಸ್ ಕರಗಿದ ಉಪ್ಪುನೀರು ಇಳಿದು ಹೋಗಬೇಕಾದ ತೂತುಗಳಲ್ಲಿ ಮೀನಿನ ಪೊರೆ ತುಂಬಿತ್ತು. ಕಳೆದ ವರ್ಷ ತುಕ್ಕಿನ ಮೇಲೇ ಕಪ್ಪು ಪೇಂಟ್ ಹೊಡೆಸಿದ್ದೆ. ಪೇಂಟಿನ ಅಡಿಯಲ್ಲಿ ತುಕ್ಕು ಸುಮ್ನೆ ಹಬ್ಬುತ್ತಲೇ ಇತ್ತು. ಈ ಸಲ ಸಿಹಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ವೈರ್ ಬ್ರಷ್‌ನಲ್ಲಿ ಕಬ್ಬಿಣ ಕಾಣುವವರೆಗೆ ಉಜ್ಜಿಸಿದೆ. ಆಮೇಲೆ ಜಿಂಕ್ ಪ್ರೈಮರ್, ಅದರ ಮೇಲೆ ಅಂಡರ್‌ಕೋಟಿಂಗ್. ಹಳೇ ಎಂಜಿನ್ ಆಯಿಲ್ ಬಳಿದರೆ ಸಾಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ರಬ್ಬರ್ ಬುಶ್ ಹಾಳಾಗುತ್ತದೆ, ಮಳೆಗೆ ಅದೆಲ್ಲ ಯಾರದೋ ಬಾವಿ ಸೇರುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ, ಹಾಗಾಗಿ ಕೆಲಸಕ್ಕೆ ಸಮಯ ಸಿಕ್ಕಿತು. ದುಡ್ಡು ಹೋದದ್ದಕ್ಕಿಂತ ಜಾಸ್ತಿ ಕಾಡುವುದು ಆ ಹುಡುಗನ ಮೌನ. ದಿನಕ್ಕೆ ಎಂಟು ಗಂಟೆ ಆ ಸೀಟಿನಲ್ಲಿ ಕೂರುವವನು ಅವನು. ಗಾಡಿಯ ನೋವು ಮೊದಲು ತಿಳಿಯುವುದು ಅವನ ಬೆನ್ನಿಗೆ, ಅಲ್ವಾ? ಡ್ರೈವರ್ ಬಾಯಿ ತೆರೆದರೆ ಖರ್ಚು ಅಂತಲೇ ತಿಳಿಯುವ ಮಾಲೀಕರನ್ನು ನೋಡಿದ್ದೇನೆ, ಬೈದುಕೊಂಡೂ ಇದ್ದೇನೆ. ಏಪ್ರಿಲ್‌ನಲ್ಲಿ ನಾನೂ ಹಾಗೇ ನಡೆದುಕೊಂಡೆ. ನಮ್ಮಪ್ಪನ ಮಂಡಿನೋವಿನ ಮಾತನ್ನೂ ಹೀಗೇ ಎಷ್ಟು ಸಲ ದಾಟಿಸಿದ್ದೇನೋ.

ನಿನ್ನೆ ಹೊಸ ಬೇರಿಂಗ್, ಸೀಲ್, ಆಯಿಲ್ ಹಾಕಿಸಿ ಬ್ರಹ್ಮಾವರದ ಕಡೆ ಟ್ರಯಲ್ ಹೋದೆವು. ಅವನೇ ಓಡಿಸಿದ. ಫೋನ್ ಮನೆಯಲ್ಲೇ ಬಿಟ್ಟಿದ್ದೆ.

"ಶಬ್ದ ಉಂಟಾ?"

"ಇಲ್ಲ ಅಣ್ಣ."

ಸಂತೆಕಟ್ಟೆ ದಾಟಿದ ಮೇಲೆ ಅವನೇ ಮೆಲ್ಲಗೆ ಅಂದ, "ಬ್ರೇಕ್ ಹಿಡಿದ್ರೆ ಸ್ವಲ್ಪ ಎಡಕ್ಕೆ ಎಳೀತದೆ."

ಗಾಡಿ ಬದಿಗೆ ಹಾಕಲು ಹೇಳಿದೆ. ಇಬ್ಬರೂ ಇಳಿದು ಚಕ್ರದ ಹತ್ತಿರ ಕೂತು ನೋಡಿದೆವು.