ಬಾಡಿ ಎತ್ತಿದರೆ ಆಕ್ಸಲ್ ಏಳುವುದಿಲ್ಲ

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆಗೆ ಹೋಗುವಾಗ ಟಾರು ರಸ್ತೆ ಬಿಟ್ಟು ಒಂದೂವರೆ ಕಿಲೋಮೀಟರ್ ಒಳಗೆ ನಮ್ಮ ಮನೆ. ಮಳೆ ಹಿಡಿದರೆ ಆ ದಾರಿಯಲ್ಲಿ ಜೀಪು, ಟ್ರ್ಯಾಕ್ಟರ್ ಓಡಾಡಿ ಚಕ್ರದ ಜಾಡು ಮೊಣಕಾಲುದ್ದ ಆಗುತ್ತದೆ. ನಡುವೆ ದಿಬ್ಬ ಉಳಿಯುತ್ತದೆ. ಹೋದ ವರ್ಷ ಜುಲೈನಲ್ಲಿ ತೋಟಕ್ಕೆ ಬೋರ್ಡೋ (ಕೊಳೆರೋಗದ ಔಷಧಿ) ಸಿಂಪಡಣೆಗೆ ಮೈಲುತುತ್ತ, ಸುಣ್ಣ ತರುವಾಗ ನನ್ನ ಪಿಕಪ್ಪು ಆ ದಿಬ್ಬದ ಮೇಲೆ ಕೂತುಬಿಟ್ಟಿತು. ಹಿಂದಿನ ಆಕ್ಸಲ್ ಹೌಸಿಂಗ್, ಅಂದರೆ ಎರಡು ಹಿಂಚಕ್ರಗಳ ನಡುವಿನ ಕಬ್ಬಿಣದ ಕವಚ, ಮಣ್ಣಿಗೆ ತಾಗಿ, ನಾಲ್ಕೂ ಚಕ್ರ ತಿರುಗಿದರೂ ಗಾಡಿ ಮುಂದೆ ಹೋಗಲಿಲ್ಲ. ಮೂರು ಜನ ಸೇರಿ ಗುದ್ದಲಿಯಲ್ಲಿ ಮಣ್ಣು ಕೆರೆದು ತೆಗೆದೆವು. ಮಳೆ ಮಾತ್ರ ನಿಲ್ಲಲೇ ಇಲ್ಲ.

ನನಗೆ ಆಶ್ಚರ್ಯ ಆಗಿದ್ದು ಬೇರೆ ಕಾರಣಕ್ಕೆ. ನಾನು ಈ ಇಸುಜು ವಿ-ಕ್ರಾಸ್ ಕೊಂಡಿದ್ದು ಸೆಕೆಂಡ್ ಹ್ಯಾಂಡ್. ಹಿಂದಿನ ಓನರ್ ಎರಡು ಇಂಚು ಬಾಡಿ ಲಿಫ್ಟ್ ಮಾಡಿಸಿದ್ದರು. ನೋಡಿದರೆ ಆನೆ ನಿಂತ ಹಾಗೆ ಕಾಣುತ್ತಿತ್ತು. ಇಷ್ಟು ಎತ್ತರದ ಗಾಡಿ ಎಲ್ಲಿ ತಾಗುತ್ತದೆ ಅಂತ ನಾನು ನಂಬಿದ್ದೆ. ಗ್ಯಾರೇಜಿನಲ್ಲಿ ರ‍್ಯಾಂಪಿಗೆ ಹತ್ತಿಸಿದ ದಿನ ಮೆಕ್ಯಾನಿಕ್ ಟಾರ್ಚ್ ಬಿಟ್ಟು ತೋರಿಸಿದರು.

"ಗೌಡ್ರೇ, ಮೇಲೆ ಹೋಗಿರೋದು ಬಾಡಿ ಮಾತ್ರ. ಚಾಸಿ ಅಲ್ಲೇ ಇದೆ, ಆಕ್ಸಲ್ಲೂ ಅಲ್ಲೇ ಇದೆ ನೋಡಿ."

ಪಿಕಪ್ಪಿನಲ್ಲಿ ಕ್ಯಾಬಿನ್ನು, ಹಿಂದಿನ ಲೋಡ್ ಬಾಡಿ ಎರಡೂ ಚಾಸಿಯ, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟಿನ ಮೇಲೆ ಬೋಲ್ಟಿನಲ್ಲಿ ಕೂತಿರುತ್ತವೆ. ನಡುವೆ ರಬ್ಬರ್ ಬುಷ್. ಬಾಡಿ ಲಿಫ್ಟ್ ಅಂದರೆ ಆ ಜಾಗದಲ್ಲಿ ನೈಲಾನ್ ಅಥವಾ ಅಲ್ಯೂಮಿನಿಯಂ ಗುಂಡು (ದಪ್ಪ ಬಿಲ್ಲೆಯಂಥ ತುಂಡು) ಇಟ್ಟು, ಉದ್ದದ ಬೋಲ್ಟ್ ಹಾಕಿ ಬಾಡಿಯನ್ನು ಮೇಲಕ್ಕೆ ಕೂರಿಸುವುದು. ಸಸ್ಪೆನ್ಷನ್ ಹೇಗಿತ್ತೋ ಹಾಗೇ ಇರುತ್ತದೆ. ಅದರಿಂದ ಸಿಗುವ ಲಾಭ ಚಕ್ರದ ಮೇಲಿನ ಜಾಗ ಮಾತ್ರ. ಕೆಳಗಿನ ಹೌಸಿಂಗ್ ಎತ್ತರ ಆಗಬೇಕಾದರೆ ಟೈರೇ ದೊಡ್ಡದಾಗಬೇಕು. ಅದೂ ವ್ಯಾಸ ಎಷ್ಟು ಹೆಚ್ಚಿತೋ ಅದರ ಅರ್ಧ ಮಾತ್ರ.

ಲೆಕ್ಕ ಹಾಕೋದು ಸುಲಭ. ನನ್ನ ಗಾಡಿಯಲ್ಲಿದ್ದಿದ್ದು 245/70 ಆರ್16. ಟೈರಿನ ಅಗಲ 245 ಮಿಲಿಮೀಟರ್, ಅದರಲ್ಲಿ ನೂರಕ್ಕೆ 70 ಅಂದರೆ 171.5 ಮಿಲಿಮೀಟರ್. ಅದು ಟೈರಿನ ಒಂದು ಬದಿಯ ಗೋಡೆ. ಎರಡು ಬದಿಗೆ 343. ರಿಮ್ಮಿನ 16 ಇಂಚು ಅಂದರೆ 406. ಒಟ್ಟು ವ್ಯಾಸ 749 ಮಿಲಿಮೀಟರ್. ಇದೇ ಲೆಕ್ಕದಲ್ಲಿ 265/70 ಆರ್16 ಟೈರಿಗೆ 777 ಬರುತ್ತದೆ, 265/75 ಆರ್16ಕ್ಕೆ 804. ಮೊದಲನೆಯದರಲ್ಲಿ ಹೌಸಿಂಗ್ 14 ಮಿಲಿಮೀಟರ್ ಏಳುತ್ತದೆ, ಎರಡನೆಯದರಲ್ಲಿ 27. ನನ್ನ ಕಣ್ಣು ಸಹಜವಾಗಿ 27ರ ಮೇಲೆ ಹೋಯಿತು. ಹೇಗೂ ಲಿಫ್ಟ್ ಇದೆ, ಹಿಡಿಸುತ್ತದೆ ಅಲ್ವಾ ಅಂತ.

ಸಕಲೇಶಪುರದ ಗೆಳೆಯನ ಹತ್ತಿರ ಇದೇ ಗಾಡಿ ಇದೆ, ಅದಕ್ಕೆ 265/75 ಹಾಕಿದ್ದಾನೆ. ಒಂದು ಭಾನುವಾರ ಎರಡು ಚಕ್ರ ಬಿಚ್ಚಿ ಕೊಟ್ಟ. ಅದನ್ನು ತಂದು ನಮ್ಮ ಕಣದಲ್ಲೇ ಮುಂದಿನ ಎರಡೂ ಕಡೆ ಹಾಕಿದೆವು. ದೊಡ್ಡ ಟೈರ್ ಹಾಕುವವರು ದಯವಿಟ್ಟು ಈ ಒಂದು ಕೆಲಸ ಮಾಡಿ. ದುಡ್ಡು ಕೊಡುವ ಮೊದಲು ಒಂದು ಜೊತೆ ಎರವಲು ತಂದು ಹಾಕಿ ನೋಡಿ.

ನೇರ ನಿಂತಾಗ ಏನೂ ತೊಂದರೆ ಕಾಣಲಿಲ್ಲ. ಚಕ್ರದ ಮೇಲೆ ಕೈ ಆಡಿಸುವಷ್ಟು ಜಾಗ ಇತ್ತು. ಆಮೇಲೆ ಬಲಗಡೆ ಮುಂದಿನ ಚಕ್ರವನ್ನು ಎರಡು ಸೈಜುಗಲ್ಲಿನ ಮೇಲೆ ಹತ್ತಿಸಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದೆ. ಟೈರಿನ ಅಂಚಿಗೆ ಸುಣ್ಣ ಬಳಿದಿದ್ದೆ. ಎಲ್ಲಿ ತಾಗುತ್ತದೋ ಅಲ್ಲಿ ಬಿಳಿ ಗೆರೆ ಬೀಳಲಿ ಅಂತ. ಎರಡು ಕಡೆ ಬಿತ್ತು. ಒಂದು ಮುಂದಿನ ಬಂಪರಿನ ಮೂಲೆ. ಇನ್ನೊಂದು ಚಕ್ರದ ಹಿಂದೆ, ಚಾಸಿಯಿಂದ ಹೊರಗೆ ಚಾಚಿರುವ ಬ್ರಾಕೆಟ್. ಕ್ಯಾಬಿನ್ ಬೋಲ್ಟ್ ಕೂರುವುದು ಅದರ ಮೇಲೆಯೇ. ರಿವರ್ಸಿನಲ್ಲಿ ತಿರುಗಿಸಿದಾಗ ಟೈರು ಅದನ್ನು ಗರಗರ ಅಂತ ಉಜ್ಜುತ್ತಿತ್ತು.

ಆಗ ವಿಷಯ ಸರಿಯಾಗಿ ತಲೆಗೆ ಹೋಯಿತು. ನನ್ನ ಗಾಡಿಯಲ್ಲಿ ಬಂಪರನ್ನು ಬಾಡಿಯ ಜೊತೆ ಎತ್ತಿರಲಿಲ್ಲ. ಆ ಬ್ರಾಕೆಟ್ಟಂತೂ ಚಾಸಿಯದ್ದೇ ಭಾಗ. ಲಿಫ್ಟ್ ಜಾಗ ಮಾಡಿಕೊಡುವುದು ಮೇಲ್ಗಡೆ. ಟೈರು ತಾಗುತ್ತಿರುವುದು ಹಿಂದೆ ಮುಂದೆ. ಆ ಬ್ರಾಕೆಟ್ಟನ್ನು ಕತ್ತರಿಸಿ ವೆಲ್ಡ್ ಮಾಡುವವರಿದ್ದಾರೆ. ನನಗೆ ಮನಸ್ಸಾಗಲಿಲ್ಲ. ಇಡೀ ಕ್ಯಾಬಿನ್ ಭಾರ ಹೊರುವ ಜಾಗ ಅದು, ನನ್ನ ಮಕ್ಕಳು ಅದರ ಮೇಲೆ ಕೂರುತ್ತಾರೆ.

ರ‍್ಯಾಂಪಿನ ಮೇಲೆ ಅವತ್ತು ಇನ್ನೂ ಎರಡು ವಿಷಯ ಸಿಕ್ಕಿದ್ದವು. ರೇಡಿಯೇಟರ್ ಬಾಡಿಗೆ ಕಟ್ಟಿರುತ್ತದೆ, ಫ್ಯಾನ್ ಎಂಜಿನ್ನಿಗೆ. ಬಾಡಿ ಎತ್ತಿದರೆ ರೇಡಿಯೇಟರ್ ಮೇಲೆ ಹೋಗುತ್ತದೆ, ಫ್ಯಾನ್ ಅಲ್ಲೇ ಉಳಿಯುತ್ತದೆ. ಸರಿಯಾಗಿ ಮಾಡುವವರು ಬ್ರಾಕೆಟ್ ಕೊಟ್ಟು ರೇಡಿಯೇಟರನ್ನು ಮತ್ತೆ ಕೆಳಗಿಳಿಸುತ್ತಾರೆ. ನನ್ನ ಗಾಡಿಯಲ್ಲಿ ಅದನ್ನು ಮಾಡಿರಲಿಲ್ಲ. ಫ್ಯಾನ್ ಸುತ್ತ ಇರುವ ಪ್ಲಾಸ್ಟಿಕ್ ಕವಚದ ಕೆಳಭಾಗವನ್ನೇ ಕತ್ತರಿಸಿ ಬಿಟ್ಟಿದ್ದರು. ಉಜಿರೆಯಿಂದ ಲೋಡ್ ಹಾಕಿಕೊಂಡು ಚಾರ್ಮಾಡಿ ಹತ್ತುವಾಗ ಟೆಂಪರೇಚರ್ ಮುಳ್ಳು ಯಾಕೆ ಏರುತ್ತದೆ ಅಂತ ಆರು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಎರಡು ಸಲ ಕೂಲೆಂಟ್ ಬೇರೆ ಬದಲಾಯಿಸಿದ್ದೆ. ಗಾಳಿಯನ್ನು ಎಳೆಯುವ ಕವಚವೇ ಅರ್ಧ ಇಲ್ಲದಿದ್ದರೆ ಕೂಲೆಂಟ್ ಏನು ಮಾಡುತ್ತದೆ?

ಇನ್ನೊಂದನ್ನು ನೋಡಿ ನಿಜಕ್ಕೂ ಕೈ ತಣ್ಣಗಾಯಿತು. ಸ್ಟಿಯರಿಂಗ್ ಚಕ್ರ ಕ್ಯಾಬಿನ್ನಿನಲ್ಲಿ, ಮುಂದಿನ ಚಕ್ರಗಳನ್ನು ತಿರುಗಿಸುವ ಸ್ಟಿಯರಿಂಗ್ ರ‍್ಯಾಕ್ ಚಾಸಿಯ ಮೇಲೆ. ಬಾಡಿ ಎರಡು ಇಂಚು ಎದ್ದರೆ ನಡುವಿನ ಶಾಫ್ಟ್ ಅಷ್ಟು ಎಳೆದುಕೊಳ್ಳಬೇಕು. ನನ್ನ ಗಾಡಿಯಲ್ಲಿ ಶಾಫ್ಟಿನ ಹಲ್ಲುಗಳು ಒಂದರೊಳಗೊಂದು ಕೂತಿದ್ದು ಹೆಬ್ಬೆರಳ ಉಗುರಿನಷ್ಟು. ಆ ಶಾಫ್ಟಿನಲ್ಲಿ ನಾನು ಚಾರ್ಮಾಡಿಯ ತಿರುವುಗಳನ್ನು ಎಷ್ಟು ಸಲ ಇಳಿದಿದ್ದೇನೋ. ಲಿಫ್ಟ್ ಇರುವ ಗಾಡಿ ಕೊಳ್ಳುವವರು ಮೊದಲು ಇದನ್ನು ನೋಡಿ. ಬಣ್ಣ, ಸೀಟು ಎಲ್ಲ ಆಮೇಲೆ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಘಾಟಿಯಲ್ಲಿ ಏನಾದರೂ ಆಗಿ ಇನ್ಶೂರೆನ್ಸ್ ಕೇಳಲು ಹೋದರೆ ಈ ನೈಲಾನ್ ಗುಂಡುಗಳಿಗೆ ನಾನು ಏನಂತ ಉತ್ತರ ಕೊಡಲಿ?

265/75 ಹಿಡಿಸುವುದಿಲ್ಲ ಅಂತ ಆದ ಮೇಲೆ 265/70 ಒಂದೇ ಉಳಿಯಿತು. ಅದಕ್ಕೆ ಲಿಫ್ಟೇ ಬೇಕಾಗಿಲ್ಲ. ಹಾಗಾಗಿ ಎರಡೂ ಕೆಲಸ ಒಟ್ಟಿಗೆ ಮಾಡಿಸಿದೆ. ಚಿಕ್ಕಮಗಳೂರಿನಲ್ಲಿ ಎರಡು ದಿನ ಗಾಡಿ ಬಿಟ್ಟು ಗುಂಡುಗಳನ್ನೆಲ್ಲ ತೆಗೆಸಿ, ಹೊಸ ಬುಷ್, ಕಂಪನಿ ಅಳತೆಯ ಬೋಲ್ಟ್, ಹೊಸ ಫ್ಯಾನ್ ಕವಚ ಹಾಕಿಸಿದೆ. ಸ್ಟಿಯರಿಂಗ್ ಶಾಫ್ಟನ್ನೂ ಹೊಸದು ಮಾಡಿಸಿದೆ. ಆಮೇಲೆ ನಾಲ್ಕು ಆಲ್ ಟೆರೇನ್ ಟೈರು, ಅಲೈನ್‌ಮೆಂಟ್. ಪೂರ್ತಿ ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್ ಲೈನರಿಗೆ ಸ್ವಲ್ಪ ತಾಗುತ್ತಿತ್ತು. ಅದನ್ನು ಬಿಸಿ ಮಾಡಿ ಒಳಕ್ಕೆ ತಳ್ಳಿದರು, ನಿಂತಿತು. ಹೊಸ ಟೈರ್ ಸೈಜನ್ನು ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿದ್ದೇನೆ.

ಮೀಟರಿನಲ್ಲಿ 60 ಅಂದರೆ ಈಗ ಗಾಡಿ ಹತ್ತಿರ ಹತ್ತಿರ 62ರಲ್ಲಿ ಇರುತ್ತದೆ. ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆ ಹಿಂದಿನ ಏರಿನಲ್ಲಿ ಲೋಡ್ ಇದ್ದರೆ ಸೆಕೆಂಡ್ ಗೇರಿನಲ್ಲಿ ಎಳೆಯುತ್ತಿದ್ದದ್ದು ಈಗ ಸ್ವಲ್ಪ ತಿಣುಕುತ್ತದೆ, ಫಸ್ಟಿಗೆ ಇಳಿಸುತ್ತೇನೆ. ಕೆಸರಿನ ದಾರಿಗೆ ಇಳಿಯುವ ಮೊದಲು ಟೈರಿನ ಗಾಳಿಯನ್ನು 20 ಪಿಎಸ್‌ಐಗೆ ಇಳಿಸುತ್ತೇನೆ, ಟಾರಿಗೆ ಹತ್ತಿದ ಮೇಲೆ ಮತ್ತೆ 32ಕ್ಕೆ ತುಂಬುತ್ತೇನೆ. ನಿಜ ಹೇಳಬೇಕೆಂದರೆ ಆ 14 ಮಿಲಿಮೀಟರಿಗಿಂತ ಇದರಿಂದಲೇ ನನಗೆ ಜಾಸ್ತಿ ಉಪಯೋಗ ಆಗಿದೆ. ಟೈರು ಅಗಲವಾಗಿ ಹರಡಿ ಕೆಸರನ್ನು ಕಚ್ಚಿಕೊಳ್ಳುತ್ತದೆ. ದಾರಿಯ ದಿಬ್ಬವನ್ನೂ ಮೇ ತಿಂಗಳಲ್ಲೇ ಜೆಸಿಬಿಯಿಂದ ತಟ್ಟಿಸಿಬಿಟ್ಟೆ. ಈ ಮಳೆಗಾಲದಲ್ಲಿ ಒಂದು ಸಲವೂ ಕೂತಿಲ್ಲ.

ಅವ್ವನಿಗೆ ಮಂಡಿ ನೋವು. ಲಿಫ್ಟ್ ಇದ್ದಾಗ ಗಾಡಿ ಹತ್ತಿಸಲು ಪ್ಲಾಸ್ಟಿಕ್ ಸ್ಟೂಲ್ ಇಡಬೇಕಿತ್ತು. ಹಾಗಾಗಿ ಅವರು ಪೇಟೆಗೆ ಬರುವುದನ್ನೇ ಬಿಟ್ಟಿದ್ದರು. ಹೋದ ವಾರ ಕೊಟ್ಟಿಗೆಹಾರಕ್ಕೆ ಹೋಗಿ ನೀರುದೋಸೆ ತಿಂದು ಬಂದೆವು. ಅವರೇ ಹಿಡಿಕೆ ಹಿಡಿದು ಹತ್ತಿ ಕೂತರು.

ತೆಗೆಸಿದ ಗುಂಡುಗಳು ಗೋದಾಮಿನಲ್ಲಿ ಒಂದು ಗೋಣಿಚೀಲದಲ್ಲಿವೆ. ಪರಿಚಯದ ಹುಡುಗನೊಬ್ಬ ತನ್ನ ಗಾಡಿಗೆ ಬೇಕು, ಎಷ್ಟಾದರೂ ಕೊಡುತ್ತೇನೆ ಅಂತ ಎರಡು ಸಲ ಫೋನ್ ಮಾಡಿದ. ನಾನು ಕೊಟ್ಟಿಲ್ಲ.