ಹಳ್ಳದ ನೀರು ಯಾಕೆ ಕಪ್ಪು?

ಫೈನಲ್ ಇಯರ್ ಬಿಎಸ್ಸೀಲಿ ಒಂದ್ ಶನಿವಾರ ಪ್ರಾಕ್ಟಿಕಲ್ಸ್ ಬೇಗ ಮುಗೀತು, ನಮ್ಮ ಕೆಮಿಸ್ಟ್ರಿ ಮೇಡಂ ಬ್ಯಾಗಿಂದ ಒಂದು ದೊಡ್ಡ ಕಲರ್ ಪ್ರಿಂಟ್ ತೆಗೆದು ಲ್ಯಾಬ್ ಬೆಂಚ್ ಮೇಲೆ ಹರಡಿದ್ರು. ಇರಾನಿನ ಹಳೇ ಚಿತ್ರ, ಹೂ ಬಿಟ್ಟ ಮರ, ತೋಟದ ಮಧ್ಯೆ ಹರಿಯೋ ಹಳ್ಳ. ಎಲ್ಲಾ ಬಣ್ಣಾನೂ ನಿನ್ನೆ ಬಳಿದಂಗಿದೆ, ಹಳ್ಳದ ನೀರು ಮಾತ್ರ ಕಪ್ಪು. ಯಾಕ್ರೋ ಅಂದ್ರು. ಕೊಳಚೆ, ನೆರಳು, ರಾತ್ರಿ ಅಂತ ಬಾಯಿಗೆ ಬಂದಿದ್ದು ಹೇಳಿದ್ವಿ. ಅವ್ರು ಮನೆಯಿಂದ ತಂದಿದ್ದ ಬೆಳ್ಳಿ ಕುಂಕುಮದ ಬಟ್ಲು ಪಕ್ಕಕ್ಕಿಟ್ರು, ಹಬ್ಬಕ್ಕೆ ಮಾತ್ರ ತೊಳೆಯೋ ಬಟ್ಲು, ಅಂಚೆಲ್ಲ ಕಪ್ಪಾಗಿತ್ತು. ನಂಗೆ ಮೈ ಜುಮ್ ಅಂತು. ಚಿತ್ರಗಾರ ನೀರಿಗೆ ಬೆಳ್ಳಿ ಹಚ್ಚಿದ್ದ, ಗಾಳೀಲಿರೋ ಗಂಧಕ ತಾಗಿ ತಾಗಿ ಅದು ಸಿಲ್ವರ್ ಸಲ್ಫೈಡ್ ಆಗಿದೆ, ಚಿನ್ನ ಹಚ್ಚಿದ ಆಕಾಶ ಮಾತ್ರ ಇನ್ನೂ ಹೊಳೀತಿದೆ!

ಆಮೇಲೆ ಪ್ರತಿ ಶನಿವಾರ ಅದೇ ಕ್ಲಾಸು. ನೀಲಿಗೆ ಅಫ್ಘಾನಿಸ್ತಾನದ ಕಡೆಯ ಬದಖ್ಶಾನಿನ ಗಣಿಯ ಲಾಜವರ್ದ ಕಲ್ಲು, ಹಳದಿಗೆ ಹರಿತಾಳ, ಅದು ಆರ್ಸೆನಿಕ್ಕು ಗಂಧಕ ಸೇರಿದ್ದು, ಕೆಂಪಿಗೆ ಪಾದರಸ ಗಂಧಕ ಸೇರಿದ ಇಂಗಲೀಕ. ಹಸಿರು ಬಂದಾಗ ಮೇಡಂ ಮುಖ ಅರಳ್ತಿತ್ತು. ಇರಾನಿನ ಪಾರಸಿ ಭಾಷೇಲಿ ಇದನ್ನ ಜಂಗಾರ್ ಅಂತಾರೆ, ನಮ್ಮ ಜಂಗು ಹಿಡೀತು ಅನ್ನೋ ಮಾತಿನ ಜಂಗೂ ಆ ಭಾಷೆಯಿಂದಾನೇ ಬಂದಿದ್ದು, ಮನೆ ತಾಮ್ರದ ಚೊಂಬಿಗೆ ಹಿಡಿಯೋ ಕಿಲುಬು ಅಂದ್ಕೊಳ್ರೋ ಅಂತಿದ್ರು. ಈ ಹಸಿರು ಬಲು ಕೆಟ್ಟದ್ದು, ವರ್ಷ ಕಳೆದಂಗೆ ಕೆಳಗಿನ ಕಾಗದಾನೇ ಸುಟ್ಟು ಕಂದು ಮಾಡಿ ತೂತು ಬೀಳ್ಸುತ್ತೆ. ಆದ್ರೆ ಎಷ್ಟೋ ಪರ್ಷಿಯನ್ ಹಾಳೆಗಳಲ್ಲಿ ಹಸಿರಿನ ಕೆಳಗೆ ಕಾಗದ ಗಟ್ಟಿಯಾಗೇ ಇದೆ. ಹಳೇ ಪಾರಸಿ ಕೈಪಿಡಿಗಳಲ್ಲಿ ಜಂಗಾರಿಗೆ ಸ್ವಲ್ಪ ಕೇಸರಿ ಸೇರ್ಸಿ ಅಂತ ಬರೆದಿದೆ, ಇರಾನಿನ ಸಂಶೋಧಕಿ ಮಂದಾನಾ ಬರ್ಕೇಶ್ಲಿ ಅದನ್ನ ಲ್ಯಾಬಲ್ಲಿ ಪರೀಕ್ಷೆ ಮಾಡಿ, ಕೇಸರಿ ನಿಜವಾಗ್ಲೂ ಕಾಗದ ಕಾಯುತ್ತೆ ಅಂತ ತೋರಿಸಿದ್ರು.

ನಾವೂ ಮಾಡಿದ್ವಿ. ಜಾಡಿ ತಳದಲ್ಲಿ ವಿನೆಗರ್, ಮೇಲೆ ತಾಮ್ರದ ತಗಡು ನೇತಾಕಿ ಮುಚ್ಚಿಟ್ವಿ, ಕೆಲವು ವಾರಕ್ಕೆ ನೀಲಿ ಹಸಿರು ಹೊಪ್ಪಳೆ ಎದ್ದಿತ್ತು, ಕೆರೆದು ಗೋಂದಲ್ಲಿ ಅರೆದು ಎರಡು ಕಾಗದದ ಪಟ್ಟಿಗೆ ಬಳಿದ್ವಿ, ಒಂದಕ್ಕೆ ಬರೀ ಜಂಗಾರು, ಇನ್ನೊಂದಕ್ಕೆ ನಾಲ್ಕೆಸಳು ಕೇಸರಿ ನೆನೆಸಿದ ನೀರು ಸೇರ್ಸಿ. ಕೇಸರಿ ಮೇಡಮ್ಮೇ ಮನೆಯಿಂದ ತಂದಿದ್ರು.

ಇರಾನಿನ ದೊರೆ ಷಾ ತಹ್ಮಾಸ್ಪನ ಶಾಹನಾಮೆ, ಅಂದ್ರೆ ಹಳೇ ರಾಜರ ಕಥೆಯ ಕಾವ್ಯ, ಅದರ ಚಿತ್ರದ ಹೊತ್ತಿಗೆ ಬಗ್ಗೆ ಹೇಳುವಾಗ ಮಾತ್ರ ಅವ್ರ ದನಿ ಇಳೀತಿತ್ತು. 258 ಚಿತ್ರ, 1520ರ ದಶಕದಲ್ಲಿ ತಬ್ರೀಜಲ್ಲಿ ಶುರುವಾಗಿದ್ದು, 1568ರಲ್ಲಿ ಆಟೊಮನ್ ಸುಲ್ತಾನನಿಗೆ ಕಾಣಿಕೆ ಹೋಯ್ತು, ಅಷ್ಟು ಕಾಲ ಒಟ್ಟಿಗಿದ್ದ ಪುಸ್ತಕಾನ 1959ರಲ್ಲಿ ಅಮೆರಿಕದ ಸಂಗ್ರಾಹಕರೊಬ್ಬರು ಕೊಂಡು ಆಮೇಲೆ ಹಾಳೆ ಹಾಳೆ ಬಿಚ್ಚಿಬಿಟ್ರು. ನಂಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. 78 ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಹೋದ್ವು. ಕೆಲಸದ ಮೇಲೆ ಅಲ್ಲಿಗೆ ಹೋದಾಗ ಗಾಜಿನ ಮುಂದೆ ಬಗ್ಗಿ ನಾನು ಮೊದಲು ಹುಡುಕಿದ್ದು ರಾಜನ್ನೂ ಅಲ್ಲ ಕುದುರೇನೂ ಅಲ್ಲ, ನೀರನ್ನ.

ಆ ಎರಡು ಪಟ್ಟಿ ನನ್ನ ಪ್ರಾಕ್ಟಿಕಲ್ ರೆಕಾರ್ಡಲ್ಲೇ ಇವೆ. ಈ ಲೇಖನಕ್ಕೆ ಅಂತ ಮೊನ್ನೆ ತೆಗೆದೆ, ಬರೀ ಜಂಗಾರಿನ ಪಟ್ಟಿ ಕಂದಾಗಿದೆ, ಮಡಿಚೋಕೆ ಹೋದ್ರೆ ಪಟ್ಟಂತ ಮುರೀತು, ಕೇಸರಿದು ಬಾಗಿ ವಾಪಸ್ ಬಂತು.